ಗಣಿತಸಾರಸಂಗ್ರಹಕಾರ ಶ್ರೀ ಮಹಾವೀರಾಚಾರ್ಯರು

ಕರ್ನಾಟಕದಲ್ಲಿ ಜಿನಧರ್ಮವು ಬೆಳಗಿದ ಕಾಲವನ್ನು ನೆನೆಯುವಾಗ ಮಹಾಪುರಾಣದ ಜಿನಸೇನಾಚಾರ್ಯರು, ಆದಿಕವಿ ಪಂಪ, ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯ ಮೊದಲಾದವರ ಹೆಸರುಗಳು ಶ್ರಾವಕರ ನಾಲಗೆಯ ಮೇಲೆ ತಾವಾಗಿಯೇ ಬರುತ್ತವೆ. ಜಿನಸೇನರ ಕಾಲದಲ್ಲಿಯೇ ಬಾಳಿ, ಅದೇ ಚಕ್ರವರ್ತಿಯ ಆಶ್ರಯವನ್ನು ಕೊಂಡಾಡಿ, ಅರೆ ಕಾಲುಗಳ ಲೆಕ್ಕದಿಂದ ಹಿಡಿದು ಲೋಕದ ಅಳತೆಯವರೆಗೆ ಬೇಕಾದ ಗಣಿತವನ್ನೆಲ್ಲ ಒಂದೇ ಗ್ರಂಥದಲ್ಲಿ ಕಟ್ಟಿಕೊಟ್ಟ ಮಹಾವೀರಾಚಾರ್ಯರ ಹೆಸರು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಕೇಳಿದವರಲ್ಲಿಯೂ ಹಲವರು ಅದನ್ನು ಅಂತಿಮ ತೀರ್ಥಂಕರರ ಹೆಸರೆಂದೇ ಭಾವಿಸುವುದುಂಟು. ಗಣಿತದ ಇತಿಹಾಸವನ್ನು ಬರೆದ ಪಾಶ್ಚಾತ್ಯ ವಿದ್ವಾಂಸರು ಇವರಿಗೆ ಕೊಟ್ಟಿರುವ ಸ್ಥಾನವನ್ನು ನೋಡಿದರೆ ಈ ಮರೆವು ನಮಗೆ ಶೋಭೆ ತರುವಂಥದಲ್ಲ.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಕ್ರಿ.ಶ. 814ರಲ್ಲಿ ಇನ್ನೂ ಬಾಲಕನಾಗಿರುವಾಗಲೇ ಪಟ್ಟಕ್ಕೆ ಬಂದು, 878ರವರೆಗೆ ಆಳಿದನು. ಅವನ ರಾಜಧಾನಿಯಾದ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ಅರವತ್ತು ವರ್ಷಗಳಿಗೂ ಮಿಕ್ಕ ಆಳ್ವಿಕೆಯಲ್ಲಿ ವಿದ್ಯೆಯು ಬೆಳೆದ ಬಗೆ ಆಶ್ಚರ್ಯಕರವಾದುದು. ವೀರಸೇನಾಚಾರ್ಯರ ಧವಲಾ ಟೀಕೆಯು 816ರಲ್ಲಿ ಮುಗಿಯಿತು. ಅವರ ಶಿಷ್ಯರಾದ ಜಿನಸೇನರು 837ರಲ್ಲಿ ಜಯಧವಲೆಯನ್ನು ಪೂರ್ಣಗೊಳಿಸಿದರು. ಶಾಕಟಾಯನರು ತಮ್ಮ ವ್ಯಾಕರಣಕ್ಕೆ ತಾವೇ ಬರೆದ ವೃತ್ತಿಗೆ ಚಕ್ರವರ್ತಿಯ ಹೆಸರಿನಿಂದ ಅಮೋಘವೃತ್ತಿ ಎಂದು ಹೆಸರಿಟ್ಟರು. ಕನ್ನಡದ ಮೊದಲ ಲಕ್ಷಣಗ್ರಂಥವಾದ ಕವಿರಾಜಮಾರ್ಗವು ಹುಟ್ಟಿದುದೂ ಆಗಲೇ. ಈ ವಿದ್ಯಾವೈಭವದ ನಡುವೆ, ಸುಮಾರು 850ರ ಹೊತ್ತಿಗೆ, ಸಂಸ್ಕೃತ ಪದ್ಯಗಳಲ್ಲಿ ರಚಿತವಾದ ಕೃತಿಯೇ ಗಣಿತಸಾರಸಂಗ್ರಹ.

ಆಚಾರ್ಯರು ತಮ್ಮ ತಂದೆತಾಯಿಗಳ ಹೆಸರನ್ನಾಗಲಿ, ಹುಟ್ಟಿದ ಊರನ್ನಾಗಲಿ, ಗುರುಪರಂಪರೆಯನ್ನಾಗಲಿ ಗ್ರಂಥದಲ್ಲಿ ಹೇಳಿಕೊಂಡಿಲ್ಲ. ಸಾವಿರದ ನೂರಕ್ಕೂ ಹೆಚ್ಚು ಪದ್ಯಗಳನ್ನು ಬರೆದವರು ತಮಗಾಗಿ ಒಂದು ಪದ್ಯವನ್ನೂ ಮೀಸಲಿಡಲಿಲ್ಲ. ಆದುದರಿಂದ ಅವರ ಚರಿತ್ರೆಯೆಂದರೆ ಅವರ ಗ್ರಂಥದ ಚರಿತ್ರೆಯೇ ಸರಿ. ಆದರೂ ಅದರ ಆರಂಭದ ಪದ್ಯಗಳಲ್ಲಿ ಅವರ ಮನಸ್ಸು ಕಾಣುತ್ತದೆ. ಸಂಖ್ಯಾಜ್ಞಾನವೆಂಬ ದೀಪದಿಂದ ಜಗತ್ತನ್ನೆಲ್ಲ ಬೆಳಗಿದವರೆಂದು ವರ್ಧಮಾನ ಸ್ವಾಮಿಗೆ ಅವರು ವಂದಿಸುತ್ತಾರೆ. ನೃಪತುಂಗನ ರಾಜ್ಯದಲ್ಲಿ ಪೈರುಗಳಿಗೆ ಈತಿಬಾಧೆಯಾಗಲಿ ಅನಾವೃಷ್ಟಿಯಾಗಲಿ ಇಲ್ಲವೆಂದು ಹರಸುತ್ತಾರೆ. ಅಡುಗೆ, ವೈದ್ಯ, ವಾಸ್ತು, ಸಂಗೀತ, ನಾಟ್ಯ, ಛಂದಸ್ಸು, ಗ್ರಹಗಳ ಚಲನೆ ಇವೆಲ್ಲಕ್ಕೂ ಗಣಿತವೇ ಆಧಾರವೆಂದು ವಿವರಿಸುತ್ತಾರೆ. ತಾವು ಹೊಸದನ್ನು ಸೃಷ್ಟಿಸಿದೆವೆಂದು ಹೇಳಿಕೊಳ್ಳದೆ, ಕಡಲಿನಿಂದ ರತ್ನವನ್ನೂ ಕಲ್ಲಿನಿಂದ ಹೊನ್ನನ್ನೂ ಚಿಪ್ಪಿನಿಂದ ಮುತ್ತನ್ನೂ ತೆಗೆಯುವಂತೆ ಪೂರ್ವಾಚಾರ್ಯರ ಜ್ಞಾನಸಾಗರದಿಂದ ಸ್ವಲ್ಪವನ್ನು ಆರಿಸಿಕೊಂಡೆವೆಂಬ ಭಾವವನ್ನು ವ್ಯಕ್ತಪಡಿಸುತ್ತಾರೆ. ಗ್ರಂಥಕ್ಕೆ ಸಂಗ್ರಹವೆಂಬ ಹೆಸರು ಬಂದುದು ಈ ವಿನಯದಿಂದಲೇ.

ಆದರೆ ಇದು ಬರಿಯ ಸಂಗ್ರಹವಲ್ಲ. 499ರ ಆರ್ಯಭಟನಾಗಲಿ, 628ರ ಬ್ರಹ್ಮಗುಪ್ತನಾಗಲಿ ಗಣಿತವನ್ನು ಜ್ಯೋತಿಷಗ್ರಂಥದ ಒಂದೆರಡು ಅಧ್ಯಾಯಗಳಲ್ಲಿ ಅಡಕಿಸಿದರು. ಗ್ರಹಗಣನೆಗೆ ಎಷ್ಟು ಬೇಕೋ ಅಷ್ಟೇ ಅವರಿಗೆ ಮುಖ್ಯ. ಮಹಾವೀರಾಚಾರ್ಯರು ಗ್ರಹಗತಿಯನ್ನು ಬದಿಗಿಟ್ಟು, ಗಣಿತವನ್ನೇ ಗಣಿತಕ್ಕಾಗಿ, ಕಲಿಯುವವನ ಮುಖವನ್ನು ನೋಡುತ್ತ ಬರೆದರು. ಒಂಬತ್ತು ಅಧಿಕಾರಗಳುಳ್ಳ ಈ ಕೃತಿಯಲ್ಲಿ ಮೊದಲು ಸಂಜ್ಞೆಗಳು, ಆಮೇಲೆ ಪರಿಕರ್ಮಗಳು, ಅದರ ಬೆನ್ನಿಗೇ ಮೂರನೆಯ ಮತ್ತು ನಾಲ್ಕನೆಯ ಅಧಿಕಾರಗಳೆರಡೂ ಭಿನ್ನರಾಶಿಗಳಿಗೆ ಮೀಸಲು. ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಖಾತ, ಛಾಯೆಗಳು ನಂತರ ಬರುತ್ತವೆ. ಒಂದಕ್ಕಿಂತ ಕಡಿಮೆಯಾದ ಸಂಖ್ಯೆಗಳಿಗೆ ಆಚಾರ್ಯರು ಇಷ್ಟೊಂದು ಸ್ಥಳವನ್ನು ಕೊಟ್ಟುದೇಕೆಂಬುದು ವಿಚಾರಿಸತಕ್ಕ ವಿಷಯ.

ಇದಕ್ಕೆ ಒಂದು ಕಾರಣವು ಕರಣಾನುಯೋಗದಲ್ಲಿಯೇ ದೊರೆಯುತ್ತದೆ. ಜಂಬೂದ್ವೀಪದ ವ್ಯಾಸವು ಒಂದು ಲಕ್ಷ ಯೋಜನವೆಂದೂ, ಭರತಕ್ಷೇತ್ರದ ವಿಸ್ತಾರವು ಅದರ 190ರಲ್ಲೊಂದು ಭಾಗವೆಂದೂ ಶಾಸ್ತ್ರವನ್ನು ಓದಿದವರೆಲ್ಲರಿಗೂ ತಿಳಿದಿದೆ. ಲಕ್ಷವನ್ನು 190ರಿಂದ ಭಾಗಿಸಿದರೆ 526 ಯೋಜನ ಬಂದು 6/19 ಉಳಿಯುತ್ತದೆ. ಅಲ್ಲಿಂದ ಉತ್ತರಕ್ಕೆ ಹಿಮವತ್ಪರ್ವತದ ವಿಸ್ತಾರವು ಇದರ ಇಮ್ಮಡಿ, ಎಂದರೆ 1052 ಯೋಜನ ಮತ್ತು 12/19. ಹೈಮವತ ಕ್ಷೇತ್ರವು ಮತ್ತೂ ಇಮ್ಮಡಿ. ಈಗ 24/19 ಆಗುವುದರಿಂದ ಹತ್ತೊಂಬತ್ತು ಕಲೆಗಳು ಒಂದು ಯೋಜನವಾಗಿ ಮೇಲಕ್ಕೇರಿ, 2105 ಯೋಜನ ಮತ್ತು 5/19 ಎಂದಾಗುತ್ತದೆ. ಸ್ವಾಧ್ಯಾಯಕ್ಕೆ ಕುಳಿತ ಶ್ರಾವಕನು ಈ ಎರಡು ಹೆಜ್ಜೆಗಳಲ್ಲಿಯೇ ಭಿನ್ನವನ್ನು ಗುಣಿಸುವುದನ್ನೂ ಸೇರಿಸುವುದನ್ನೂ ಎದುರಿಸಬೇಕಾಗುತ್ತದೆ. ಭಿನ್ನರಾಶಿಯನ್ನು ಅರಿಯದವನು ಲೋಕವರ್ಣನೆಯನ್ನು ಬಾಯಿಪಾಠ ಮಾಡಬಹುದೇ ಹೊರತು ಅದನ್ನು ತಿಳಿದವನಾಗಲಾರ.

ಇನ್ನೊಂದು ಕಾರಣವು ಅಂಗಡಿಯ ಬೀದಿಯಲ್ಲಿದೆ. ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಹೀನಾಧಿಕಮಾನೋನ್ಮಾನವನ್ನು, ಅಂದರೆ ಕೊಳ್ಳುವಾಗ ಹೆಚ್ಚಿನ ಅಳತೆಯನ್ನೂ ಕೊಡುವಾಗ ಕಡಿಮೆಯ ಅಳತೆಯನ್ನೂ ಬಳಸುವುದನ್ನು ಎಣಿಸಿದೆ. ಒಂದು ಪಲ, ಎರಡು ಪಲ ಕೊಳ್ಳುವಲ್ಲಿ ಮೋಸಕ್ಕೆ ಎಡೆ ಕಡಿಮೆ. ಮುಕ್ಕಾಲು ಪಲ, ಅರೆಕಾಲು ಪಲ ಎನ್ನುವಲ್ಲಿಯೇ ಕೊಳ್ಳುವವನ ಕಣ್ಣು ತಪ್ಪುವುದು. ಲೆಕ್ಕವನ್ನರಿಯದ ಬಡವನು ನಷ್ಟಕ್ಕೊಳಗಾಗುವುದೂ, ಲೆಕ್ಕವನ್ನು ಅರಿತ ವರ್ತಕನು ವ್ರತಭಂಗ ಮಾಡಿಕೊಳ್ಳುವುದೂ ಈ ಚೂರುಗಳಲ್ಲಿಯೇ. ಆಚಾರ್ಯರು ತಮ್ಮ ನಿಯಮಗಳನ್ನು ಎಲ್ಲರಿಗೂ ಕಾಣುವಂತೆ ಪದ್ಯದಲ್ಲಿ ಬಿಚ್ಚಿಟ್ಟುದು ಉಭಯರ ಹಿತಕ್ಕೂ ಆಯಿತೆಂದು ಭಾವಿಸಲು ಅಡ್ಡಿಯಿಲ್ಲ.

ಮೂರನೆಯ ಅಧಿಕಾರದ ಹೆಸರು ಕಲಾಸವರ್ಣ. ಗಣಿತದ ಹತ್ತು ವಿಷಯಗಳನ್ನು ಹೇಳುವ ಸ್ಥಾನಾಂಗ ಸೂತ್ರದಲ್ಲಿಯೂ ಈ ಶಬ್ದವಿರುವುದರಿಂದ ಇದು ಜೈನ ಪರಂಪರೆಯಲ್ಲಿ ಬಹಳ ಹಳೆಯದೆಂದು ತಿಳಿಯುತ್ತದೆ. ಕಲೆಯೆಂದರೆ ಅಂಶ, ಚೂರು. ಸವರ್ಣವೆಂದರೆ ಒಂದೇ ಬಣ್ಣದ್ದು. ಬೇರೆ ಬೇರೆ ಬಣ್ಣದ ಚೂರುಗಳನ್ನು ಒಂದೇ ಬಣ್ಣಕ್ಕೆ ತಂದ ಮೇಲೆಯೇ ಅವುಗಳನ್ನು ಕೂಡಿಸಲು ಸಾಧ್ಯವೆಂಬ ತತ್ತ್ವವು ಹೆಸರಿನಲ್ಲಿಯೇ ಅಡಗಿದೆ. ಅಂದಿನ ಓಲೆಗಳಲ್ಲಿ ಅಂಶವನ್ನು ಮೇಲೆಯೂ ಛೇದವನ್ನು ಕೆಳಗೂ ಬರೆಯುತ್ತಿದ್ದರು. ನಡುವೆ ಇಂದಿನಂತೆ ಗೆರೆ ಇರುತ್ತಿರಲಿಲ್ಲ.

ಸಾಮಾನ್ಯವಾಗಿ ಕೂಡುವುದು ಸುಲಭ, ಗುಣಿಸುವುದು ಕಷ್ಟವೆಂಬುದು ಬಾಲಕರ ಅನುಭವ. ಭಿನ್ನದಲ್ಲಿ ಮಾತ್ರ ಇದು ತಿರುಗುಮುರುಗು. ಕೂಡಲು ಬಣ್ಣವನ್ನು ಒಂದು ಮಾಡಬೇಕು. ಗುಣಿಸಲು ಅದು ಬೇಡ. ಅದಕ್ಕಾಗಿಯೇ ಆಚಾರ್ಯರು ಈ ಅಧಿಕಾರವನ್ನು ಸಂಕಲನದಿಂದ ಆರಂಭಿಸದೆ ಗುಣಾಕಾರದಿಂದ, ಅವರ ಮಾತಿನಲ್ಲಿ ಪ್ರತ್ಯುತ್ಪನ್ನದಿಂದ, ಆರಂಭಿಸಿರುವುದು ಕಲಿಸುವವರೆಲ್ಲರೂ ಗಮನಿಸತಕ್ಕದ್ದು. ಅವರ ವಿಧಿಯಂತೆ ಅಂಶವನ್ನು ಅಂಶದಿಂದಲೂ ಛೇದವನ್ನು ಛೇದದಿಂದಲೂ ಗುಣಿಸಬೇಕು. ಆದರೆ ಅದಕ್ಕೆ ಮೊದಲು, ಸಾಧ್ಯವಿದ್ದಲ್ಲಿ, ವಜ್ರಾಪವರ್ತನವನ್ನು ಮಾಡಿಕೊಳ್ಳಬೇಕು. ಒಂದರ ಅಂಶಕ್ಕೂ ಇನ್ನೊಂದರ ಛೇದಕ್ಕೂ ಇರುವ ಸಮಾನ ಭಾಜಕವನ್ನು ಅಡ್ಡವಾಗಿ ಹೊಡೆದುಹಾಕುವುದೇ ಈ ಕ್ರಮ. ಹೀಗೆ ಎಳೆದ ಎರಡು ಓರೆಗೆರೆಗಳು ಒಂದನ್ನೊಂದು ಕತ್ತರಿಸಿ ವಜ್ರಾಯುಧದ ಆಕಾರವನ್ನು ತಾಳುವುದರಿಂದ ಈ ಹೆಸರು.

ಇದಕ್ಕೆ ಅವರು ಕೊಟ್ಟ ಮೊದಲ ಉದಾಹರಣೆಯು ಒಣಶುಂಠಿಯದು. ಒಂದು ಪಲ ತೂಕದ ಶುಂಠಿಗೆ 4/9 ಪಣ ಬೆಲೆಯಾದರೆ 3/8 ಪಲಕ್ಕೆ ಎಷ್ಟು ಎಂಬುದು ಪ್ರಶ್ನೆ. ನೇರವಾಗಿ ಗುಣಿಸಿದರೆ 12/72 ಬಂದು, ಆಮೇಲೆ ಅದನ್ನು ಸಂಕ್ಷೇಪಿಸುವ ಶ್ರಮ ಉಳಿಯುತ್ತದೆ. ವಜ್ರಾಪವರ್ತನದಿಂದ ಹೊರಟರೆ, ಮೇಲಿನ 3 ಮತ್ತು ಕೆಳಗಿನ 9 ಕ್ರಮವಾಗಿ 1 ಮತ್ತು 3 ಆಗುತ್ತವೆ. ಮೇಲಿನ 4 ಮತ್ತು ಕೆಳಗಿನ 8 ಕ್ರಮವಾಗಿ 1 ಮತ್ತು 2 ಆಗುತ್ತವೆ. ಉಳಿದುದು ಮೇಲೆ ಒಂದು, ಕೆಳಗೆ ಎರಡು ಮೂರಲ ಆರು. ಪಣದ ಆರನೆಯ ಒಂದು ಭಾಗವೇ ಬೆಲೆ. ಇಂದು ಶಾಲೆಗಳಲ್ಲಿ ಉಪಾಧ್ಯಾಯರು ಕಪ್ಪು ಹಲಗೆಯ ಮೇಲೆ ಮಾಡಿ ತೋರಿಸುವ ವಿಧಾನವು ಯಥಾವತ್ತಾಗಿ ಇದೇ.

ಗುಣಿಸಿದರೆ ಹೆಚ್ಚಬೇಕಲ್ಲವೆ, ಇಲ್ಲಿ ಕಡಿಮೆಯಾದುದು ಹೇಗೆಂಬ ಸಂದೇಹವು ಕಲಿಯುವ ಪ್ರತಿ ಬಾಲಕನಿಗೂ ಬರುತ್ತದೆ. 4/9 ಪಣವು ಒಂದು ಪೂರ್ಣ ಪಲದ ಬೆಲೆ. ತಕ್ಕಡಿಯಲ್ಲಿ ಇಟ್ಟುದು ಅರ್ಧ ಪಲಕ್ಕಿಂತಲೂ ಕಡಿಮೆ. ಆದಕಾರಣ ತೆರಬೇಕಾದ ಹಣವೂ ಕಡಿಮೆಯಾಗುವುದೇ ನ್ಯಾಯ. ಅಮೂರ್ತವಾದ ನಿಯಮದ ಮಗ್ಗುಲಲ್ಲಿಯೇ ಶುಂಠಿಯನ್ನು ಇಟ್ಟುದರಿಂದ ಈ ಸಂದೇಹವು ತಾನಾಗಿ ಪರಿಹಾರವಾಗುತ್ತದೆ. ಭಾಗಾಹಾರಕ್ಕೆ ಬಂದಾಗ ಭಾಜಕದ ಛೇದವನ್ನು ಅಂಶವಾಗಿಯೂ ಅಂಶವನ್ನು ಛೇದವಾಗಿಯೂ ತಿರುಗಿಸಿ, ಮುಂದೆ ಗುಣಾಕಾರದಂತೆಯೇ ನಡೆಸಬೇಕೆಂದು ಅವರು ವಿಧಿಸಿದ್ದಾರೆ. ಮೇಲಿನ ಲೆಕ್ಕವನ್ನೇ ಹಿಂದಿರುಗಿಸಿ, 1/6 ಪಣವನ್ನು 3/8 ಪಲದಿಂದ ಭಾಗಿಸುವುದಾದರೆ, 3/8 ಎಂಬುದು 8/3 ಆಗಿ, ಗುಣಿಸಿದಾಗ 8/18, ಎಂದರೆ ಮೊದಲಿನ 4/9 ಪಣವೇ ಮರಳಿ ಬರುತ್ತದೆ.

ಭಿನ್ನಗಳನ್ನು ಅವರು ಆರು ಜಾತಿಗಳಾಗಿ ವಿಂಗಡಿಸಿದರು. ಸಾಮಾನ್ಯ ಭಿನ್ನಗಳು ಕೂಡುವುದು ಭಾಗಜಾತಿ. ಭಾಗದ ಭಾಗವು ಪ್ರಭಾಗ. ಮೂರನೆಯ ಒಂದರ ಅರ್ಧ ಎಂಬಂತೆ. ಪ್ರತ್ಯುತ್ಪನ್ನದ ವಿಧಿಯೇ ಇಲ್ಲಿ ಮತ್ತೆ ಕೆಲಸ ಮಾಡುತ್ತದೆ. ಭಾಗಭಾಗ, ಭಾಗಾನುಬಂಧ, ಭಾಗಾಪವಾಹಗಳು ಅನಂತರದವು. ಇವುಗಳಲ್ಲಿ ಎರಡೋ ಹೆಚ್ಚೋ ಒಂದೇ ಲೆಕ್ಕದಲ್ಲಿ ಬೆರೆತರೆ ಅದು ಭಾಗಮಾತೃ. ಐದು ಜಾತಿಗಳು ಎರಡೆರಡಾಗಿ ಹತ್ತು, ಮೂರು ಮೂರಾಗಿ ಹತ್ತು, ನಾಲ್ಕು ನಾಲ್ಕಾಗಿ ಐದು, ಎಲ್ಲವೂ ಸೇರಿ ಒಂದು. ಒಟ್ಟು 26 ಬಗೆ. ಇಂಥ ಎಣಿಕೆಗೆ ಬೇಕಾದ ಸಾಮಾನ್ಯ ಸೂತ್ರವನ್ನೂ ಅವರು ಮಿಶ್ರಕ ವ್ಯವಹಾರದಲ್ಲಿ ಹೇಳಿರುವುದು ಗಮನಾರ್ಹ.

ಬಣ್ಣವನ್ನು ಒಂದು ಮಾಡಲು ಎಲ್ಲ ಛೇದಗಳನ್ನೂ ಸುಮ್ಮನೆ ಗುಣಿಸುತ್ತ ಹೋದರೆ ಸಂಖ್ಯೆಗಳು ಬೆಟ್ಟದಂತೆ ಬೆಳೆಯುತ್ತವೆ. ಇದನ್ನು ತಪ್ಪಿಸಲು ಆಚಾರ್ಯರು ನಿರುದ್ಧವೆಂಬ ಉಪಾಯವನ್ನು ಹೇಳಿದರು. ಛೇದಗಳ ಸಮಾನ ಭಾಜಕಗಳನ್ನು ತೆಗೆದು, ಅವುಗಳನ್ನೂ ಕೊನೆಗೆ ಉಳಿದ ಲಬ್ಧಗಳನ್ನೂ ಗುಣಿಸಿದರೆ ನಿರುದ್ಧವು ದೊರೆಯುತ್ತದೆ. ಇಂದಿನ ಪಠ್ಯಪುಸ್ತಕದ ಲಘುತಮ ಸಾಮಾನ್ಯ ಅಪವರ್ತ್ಯವು ಇದಲ್ಲದೆ ಬೇರೆಯಲ್ಲ. ಭಾರತೀಯ ಗಣಿತದಲ್ಲಿ ಭಿನ್ನಗಳಿಗೆ ಇದನ್ನು ಮೊದಲು ವಿಧಿಸಿದ ಕೀರ್ತಿಯನ್ನು ಇತಿಹಾಸಕಾರರು ಇವರಿಗೇ ಸಲ್ಲಿಸಿದ್ದಾರೆ. ನಾಲ್ಕನೆಯ ಅಧಿಕಾರದ ಕಂಬದ ಲೆಕ್ಕವನ್ನು ತೆಗೆದುಕೊಳ್ಳಬಹುದು. ಒಂದು ಕಂಬದ 1/8 ಭಾಗವು ನೆಲದಲ್ಲಿಯೂ, 1/3 ನೀರಿನಲ್ಲಿಯೂ, 1/4 ಪಾಚಿಯಲ್ಲಿಯೂ ಮುಳುಗಿ, 7 ಹಸ್ತ ಮಾತ್ರ ಮೇಲೆ ಕಾಣುತ್ತಿದೆ. 8, 3, 4 ಎಂಬ ಛೇದಗಳನ್ನು ಹಾಗೆಯೇ ಗುಣಿಸಿದರೆ 96. ನಿರುದ್ಧವಾದರೆ 24 ಸಾಕು. ಆಗ ಮುಳುಗಿದ ಭಾಗಗಳು 3, 8, 6 ಕೂಡಿ 17/24, ಕಾಣುವುದು 7/24. ಅದೇ 7 ಹಸ್ತವಾದುದರಿಂದ ಇಡೀ ಕಂಬವು 24 ಹಸ್ತ.

ಅದೇ ಅಧಿಕಾರದಲ್ಲಿ ಮುತ್ತಿನ ಹಾರದ ಪ್ರಸಿದ್ಧ ಲೆಕ್ಕವೂ ಇದೆ. ವಸಂತದ ಒಂದು ರಾತ್ರಿ ದಂಪತಿಗಳ ಪ್ರಣಯಕಲಹದಲ್ಲಿ ಹಾರವು ಹರಿಯಿತು. ಮುತ್ತುಗಳಲ್ಲಿ 1/3 ಒಂದೆಡೆಗೆ, 1/6 ಇನ್ನೊಂದೆಡೆಗೆ ಸೇರಿದವು. ಉಳಿದುದರ ಅರ್ಧ, ಮತ್ತೆ ಉಳಿದುದರ ಅರ್ಧ, ಹೀಗೆ ಆರು ಬಾರಿ ಚೆದುರಿ ಹೋಗಿ, ಕಡೆಗೆ 1161 ಮುತ್ತುಗಳು ಉಳಿದವು. ಮೊದಲ ಎರಡು ಭಾಗಗಳು ಕೂಡಿ ಅರ್ಧ. ಉಳಿದ ಅರ್ಧವನ್ನು ಆರು ಬಾರಿ ಅರ್ಧದಿಂದ ಗುಣಿಸಿದರೆ 1/128. ಹಾರದಲ್ಲಿದ್ದ ಮುತ್ತುಗಳು 1161ರ 128 ಮಡಿ, ಎಂದರೆ 1,48,608. ಅಷ್ಟು ಮುತ್ತಿನ ಹಾರವನ್ನು ಧರಿಸಿದ ಕೊರಳನ್ನು ಊಹಿಸುವುದು ಕಷ್ಟ! ಗಣಿತಗ್ರಂಥದಲ್ಲಿ ಶೃಂಗಾರವೇಕೆಂದು ಕೇಳುವವರಿರಬಹುದು. ವೈರಾಗ್ಯವನ್ನೇ ಗುರಿಯಾಗಿಟ್ಟ ಆದಿಪುರಾಣದಲ್ಲಿಯೂ ಜಿನಸೇನರು ಭೋಗವನ್ನು ವರ್ಣಿಸದೆ ಬಿಟ್ಟಿಲ್ಲ. ಒಣಲೆಕ್ಕದಲ್ಲಿ ಬಾಲಕರ ಮನಸ್ಸು ನಿಲ್ಲದೆಂಬುದನ್ನು ಬಲ್ಲ ಗುರುಗಳ ಉಪಾಯವಿದು. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದೆಂಬುದನ್ನು ಧವಲೆಯಲ್ಲಿ ಅರ್ಧಚ್ಛೇದವೆಂದು ಕರೆದಿದ್ದಾರೆ. 128ರ ಅರ್ಧಚ್ಛೇದಗಳು ಏಳು. ಸಿದ್ಧಾಂತಗ್ರಂಥದ ಗಹನ ವಿಚಾರವನ್ನೇ ಮುತ್ತಿನ ಹಾರವು ಮನೆಯಂಗಳಕ್ಕೆ ತಂದಿತು.

ಒಂದನ್ನು ಒಂದೇ ಅಂಶವುಳ್ಳ ಭಿನ್ನಗಳ ಮೊತ್ತವಾಗಿ ಒಡೆಯುವ ವಿಧಿಯೂ ಸೊಗಸಾದುದು. ಒಂದರಿಂದ ಹೊರಟು ಮೂರು ಮೂರರಿಂದ ಗುಣಿಸುತ್ತ ಛೇದಗಳನ್ನು ಬರೆದು, ಮೊದಲನೆಯದನ್ನು 2ರಿಂದಲೂ ಕೊನೆಯದನ್ನು 2/3ರಿಂದಲೂ ಗುಣಿಸಬೇಕು. ಮೂರು ಭಿನ್ನಗಳು ಬೇಕಾದರೆ 1, 3, 9 ಎಂಬುವು 2, 3, 6 ಆಗುತ್ತವೆ. ಅರ್ಧ, ಮೂರನೆಯ ಒಂದು, ಆರನೆಯ ಒಂದು ಕೂಡಿ ಒಂದೇ ಪೂರ್ಣ. ನಾಲ್ಕು ಬೇಕಾದರೆ ಛೇದಗಳು 2, 3, 9, 18. ಎಷ್ಟು ಭಿನ್ನಗಳು ಬೇಕೆಂದರೂ ವಿಧಿಯು ಸೋಲುವುದಿಲ್ಲ.

ಪೂರ್ಣಸಂಖ್ಯೆಗಳಲ್ಲಿಯೂ ಅವರ ಸೌಂದರ್ಯದೃಷ್ಟಿ ಕಾಣುತ್ತದೆ. 142857143ನ್ನು 7ರಿಂದ ಗುಣಿಸಿದರೆ ಎರಡು ತುದಿಗಳಲ್ಲಿ ಒಂದೊಂದು, ನಡುವೆ ಬರಿಯ ಸೊನ್ನೆಗಳ ಸಾಲು ಬರುತ್ತದೆ. ಇಂಥವುಗಳನ್ನು ಅವರು ಕಂಠಾಭರಣಗಳಿಗೆ ಹೋಲಿಸಿದರು. ಋಣಸಂಖ್ಯೆಯು ಯಾವ ಸಂಖ್ಯೆಯ ವರ್ಗವೂ ಅಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಆದರೆ ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದುದು ಸರಿಯಲ್ಲ. ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲವೆಂಬುದು ಇಂದಿನ ಗಣಿತದ ನಿರ್ಣಯ. ಸತ್ಯಕ್ಕಾಗಿ ಬರೆದವರ ವಿಷಯದಲ್ಲಿ ಇದನ್ನು ಮರೆಮಾಚುವುದು ಗೌರವವೆನಿಸದು.

ಗ್ರಂಥವು ಬಹುಕಾಲ ದಕ್ಷಿಣದಲ್ಲಿ ಪಾಠವಾಗಿ ನಡೆಯಿತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ಅವನು ಶೈವನಾದುದರಿಂದ ಜಿನಪರವಾದ ಉದಾಹರಣೆಗಳನ್ನು ಬದಲಿಸಿಕೊಂಡನು, ಲೆಕ್ಕಗಳನ್ನು ಉಳಿಸಿಕೊಂಡನು. 12ನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದು ಗಣಿತವನ್ನು ದೇಶಭಾಷೆಗೆ ಒಲಿಸಿದನು. ವಲ್ಲಭನೆಂಬುವನು ಮೂಲಕ್ಕೆ ಕನ್ನಡ ಟೀಕೆಯನ್ನು ರಚಿಸಿದನು. ಆಮೇಲೆ ಉತ್ತರದಿಂದಲೂ ದಕ್ಷಿಣದಿಂದಲೂ ಭಾಸ್ಕರಾಚಾರ್ಯರ ಲೀಲಾವತಿಯ ಕೀರ್ತಿ ಹಬ್ಬಿದಂತೆ ಗಣಿತಸಾರಸಂಗ್ರಹವು ಹಿಂದಕ್ಕೆ ಸರಿದು, ಮಠಬಸದಿಗಳ ಓಲೆಗಟ್ಟುಗಳಲ್ಲಿ ಮಾತ್ರ ಉಳಿಯಿತು. ಓದುವವರಿಲ್ಲದ ಕಾಲದಲ್ಲಿಯೂ ಆ ಕಟ್ಟುಗಳನ್ನು ಗೆದ್ದಲಿಗೂ ತೇವಕ್ಕೂ ಬಿಡದೆ ಬಿಚ್ಚಿ, ಒರೆಸಿ, ಮತ್ತೆ ಕಟ್ಟಿ ಇಟ್ಟವರ ಹೆಸರುಗಳು ಎಲ್ಲಿಯೂ ಬರೆದಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರಾದ ಎಂ. ರಂಗಾಚಾರ್ಯರು ಈ ಗ್ರಂಥದ ಸಂಪಾದನೆಗೆ ತೊಡಗಿದಾಗ ಮದರಾಸಿನ ಪ್ರತಿಗಳಷ್ಟೇ ಸಾಲದಾದವು. ಮೈಸೂರಿನ ಪ್ರಾಚ್ಯಕೋಶಾಗಾರದಿಂದ ವಲ್ಲಭನ ಟೀಕೆಯುಳ್ಳ ಪ್ರತಿಯೂ, ಮೂಡಬಿದಿರೆಯ ಜೈನಮಠದಲ್ಲಿದ್ದ ಕನ್ನಡ ಲಿಪಿಯ ತಾಡವಾಲೆಯಿಂದ ಮಾಡಿಸಿದ ಪ್ರತಿಯೂ ಅವರ ನೆರವಿಗೆ ಬಂದವು. ಅಮೆರಿಕದ ವಿದ್ವಾಂಸ ಡೇವಿಡ್ ಯೂಜಿನ್ ಸ್ಮಿತ್ ಅವರು 1908ರಲ್ಲಿ ರೋಮ್ ನಗರದ ಅಂತರರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಇದರ ಪರಿಚಯ ಮಾಡಿಕೊಟ್ಟರು. 1912ರಲ್ಲಿ ಮದರಾಸು ಸರ್ಕಾರವು ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿತು. 1963ರಲ್ಲಿ ಲಕ್ಷ್ಮೀಚಂದ್ರ ಜೈನ್ ಅವರ ಹಿಂದೀ ಅನುವಾದವು ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಹೊರಬಂದಿತು. ಕನ್ನಡನಾಡಿನ ಚಕ್ರವರ್ತಿಯನ್ನು ಹರಸಿ ಬರೆದ ಗ್ರಂಥವು ಇಂಗ್ಲಿಷ್, ಹಿಂದೀಗಳಲ್ಲಿ ದೊರೆತ ಬಹುಕಾಲದ ಮೇಲೆ, 2000ದಲ್ಲಿ, ಡಾ. ಪದ್ಮಾವತಮ್ಮ ಅವರ ಕನ್ನಡ ಅನುವಾದವನ್ನು ಹೊಂಬುಜದ ಶ್ರೀ ಸಿದ್ಧಾಂತಕೀರ್ತಿ ಗ್ರಂಥಮಾಲೆಯು ಪ್ರಕಟಿಸಿತು. ಒಣಶುಂಠಿಯ ಬೆಲೆಯನ್ನು ಈಗ ಕನ್ನಡದ ಬಾಲಕರು ತಮ್ಮ ಮಾತಿನಲ್ಲಿಯೇ ಓದಿ ಲೆಕ್ಕ ಹಾಕಬಹುದಾಗಿದೆ.